ಕೌದಿ ಮಾರಿದ ದುಡ್ಡು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಹಳೇ ಸೀರೆ ಸುಮ್ಮನೆ ಎಸೆಯೋದಿಲ್ಲ. ಪದರ ಹಾಸಿ ಕೈಯಲ್ಲಿ ಹೊಲಿದರೆ ಕೌದಿ. ಉಳಿದ ತುಂಡಲ್ಲಿ ಕೂಸಿಗೆ ಕುಲಾವಿ, ಕುಂಚಿಗೆ.

ಮಕ್ಕಳಿಲ್ಲದ ದಂಪತಿ ಇವನ್ನು ಮಾರಿ ದತ್ತು ಖರ್ಚಿಗೆ ದುಡ್ಡು ಕೂಡಿಸಬಹುದೇ? ಧಾರಾಳವಾಗಿ. ದುಡಿದ ದುಡ್ಡಿಗೆ ಎಂಥ ನಾಚಿಕೆ? ನನ್ನ ಪ್ರಶ್ನೆ, ಆ ದುಡ್ಡು ಯಾರ ಕೈಗೆ ಹೋಗ್ತದೆ ಅನ್ನೋದು.

ಅನಾಥ ಮಗುವನ್ನು ದತ್ತು ಪಡೆಯಲು ಕೇಂದ್ರದ ದತ್ತು ಪ್ರಾಧಿಕಾರ 'ಕಾರಾ'ದಲ್ಲಿ ಹೆಸರು ನೋಂದಾಯಿಸಬೇಕು. ಮನೆ ಪರಿಶೀಲನೆಗೆ, ಮಗುವಿನ ಆರೈಕೆ ನಿಧಿಗೆ ಶುಲ್ಕ ನಿಗದಿಯಾಗಿದೆ. 2022ರಿಂದ ದತ್ತು ಆದೇಶ ಕೊಡೋದು ಜಿಲ್ಲಾಧಿಕಾರಿ. ಆದರೆ ಸರದಿ ಉದ್ದ, ವರ್ಷಗಟ್ಟಲೆ ಕಾಯಬೇಕು. ಕಾದು ಬೇಸತ್ತವರನ್ನೇ ದಲ್ಲಾಳಿ ಹುಡುಕ್ತಾನೆ: "ದುಡ್ಡು ಕೊಡಿ, ನಾಳೆನೇ ಕೂಸು."

ಕೊಟ್ಟರೆ ಅದು ವ್ಯಾಪಾರ. 2015ರ ಬಾಲನ್ಯಾಯ ಕಾಯ್ದೆಯ 81ನೇ ಕಲಂ ಪ್ರಕಾರ ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ದಂಡ.

ಅದಕ್ಕೇ ಹೇಳ್ತೀನಿ: ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಬೆಲೆ ಕೌದಿಗಿರಲಿ, ಕೂಸಿಗೆ ಬೇಡ. ಕಾಯುವಾಗ ಇನ್ನೊಂದು ಕೌದಿ ಹೊಲಿಯಿರಿ. ಅದನ್ನು ಮಾತ್ರ ಮಾರಬೇಡಿ.