ಹಳಿ ಬಿತ್ತು, ರೈಲು ಬರಲಿಲ್ಲ

ಬಂದರು ಎಲ್ಲಿ ಕಟ್ಟಬೇಕೆಂದು ಗೊತ್ತಾಗುವ ಮೊದಲೇ ಅಲ್ಲಿಗೆ ರೈಲು ದಾರಿ ಹಾಕಲು ಹೊರಟದ್ದು ಸ್ಟಾಲಿನ್ ಸರ್ಕಾರ. 1947ರಲ್ಲಿ ಉತ್ತರ ಸೈಬೀರಿಯಾದ ಓಬ್ ಕೊಲ್ಲಿಯ ದಂಡೆಯತ್ತ ಕೆಲಸ ಶುರುವಾಯಿತು. ಆಮೇಲೆ ನೋಡಿದರೆ ನೀರೇ ಆಳವಿಲ್ಲ! 1949ರಲ್ಲಿ ಗುರಿ ಬದಲಾಗಿ, ಸಲೇಖಾರ್ಡ್‌ನಿಂದ ಯೆನಿಸೇ ನದಿಯ ಇಗಾರ್ಕಾಕ್ಕೆ ಸುಮಾರು 1,300 ಕಿಲೋಮೀಟರ್ ಎಂದಾಯಿತು.

ದುಡಿದವರು ಗುಲಾಗ್ ಎಂಬ ದುಡಿಮೆ ಶಿಬಿರಗಳ ಸಾವಿರಾರು ಕೈದಿಗಳು. ಚಳಿಗಾಲದಲ್ಲಿ ಮೈನಸ್ 50 ಡಿಗ್ರಿ. ಬೇಸಿಗೆಯಲ್ಲಿ ಸೊಳ್ಳೆಗಳ ಮೋಡ. ಹೆಪ್ಪುಗಟ್ಟಿದ ನೆಲ ಕರಗಿದಾಗಲೆಲ್ಲ ಹಾಕಿದ ಏರಿ ಕುಸಿಯುತ್ತಿತ್ತು, ಹಳಿ ಹಾವಿನಂತೆ ಸೊಟ್ಟಗಾಗುತ್ತಿತ್ತು. ಮತ್ತೆ ಅವರೇ ಮಣ್ಣು ಹೊರಬೇಕು.

1953ರ ಮಾರ್ಚಿನಲ್ಲಿ ಸ್ಟಾಲಿನ್ ಸತ್ತ. ಕೆಲವೇ ವಾರಗಳಲ್ಲಿ ಕಾಮಗಾರಿ ನಿಂತಿತು. ಯೆನಿಸೇ ದಂಡೆಯ ಯೆರ್ಮಕೋವೊ ಬಳಿ ಬಿಟ್ಟುಹೋದ ಉಗಿ ಎಂಜಿನ್‌ಗಳು ಕಾಡಿನಲ್ಲೇ ತುಕ್ಕು ಹಿಡಿದವು. ಸಲೇಖಾರ್ಡ್‌ನ ಪಶ್ಚಿಮಕ್ಕೆ, ಚುಮ್‌ನಿಂದ ಲಬಿತ್ನಾಂಗಿವರೆಗಿನ ತುಂಡಿನಲ್ಲಿ ಇಂದಿಗೂ ರೈಲು ಓಡುತ್ತದೆ.