ಮಸಾಯಿ ಮಾರಾದಲ್ಲಿ ಒಂದು ದಿನ: ಹತ್ತಿರ ಹೋಗದೆ ನೋಡಿದ ಚೀತಾ
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಕೀನ್ಯಾ ಪ್ರವಾಸದ ಬಗ್ಗೆ ಮಾತಾಡಲು ಕಾರ್ಯದರ್ಶಿಯವರು ಹೇಳಿದ್ದಾರೆ. ಎಂಟು ದಿನದ ಕಥೆಯನ್ನು ಹತ್ತು ನಿಮಿಷದಲ್ಲಿ ಓಡಿಸುವ ಬದಲು, ಮಸಾಯಿ ಮಾರಾದಲ್ಲಿ ಕಳೆದ ಒಂದೇ ಒಂದು ದಿನದ ಬಗ್ಗೆ ಹೇಳುತ್ತೇನೆ. ನಾವು ಹೋಗಿದ್ದು ನಾಲ್ಕು ಜನ: ನಾನು, ನನ್ನ ಪತಿ, ಎಂಟು ವರ್ಷದ ಮಗಳು ಮತ್ತು ಅರವತ್ತೆಂಟು ವರ್ಷದ ನಮ್ಮ ಅತ್ತೆ. ಪುಣೆಯಿಂದ ಮುಂಬೈ, ಅಲ್ಲಿಂದ ವಿಮಾನದಲ್ಲಿ ನೈರೋಬಿ, ಆಮೇಲೆ ಐದಾರು ಗಂಟೆ ರಸ್ತೆ ಪ್ರಯಾಣ.

ಮಸಾಯಿ ಮಾರಾ ಸುಮಾರು 1,500 ಚದರ ಕಿಲೋಮೀಟರಿನ ಹುಲ್ಲುಗಾವಲು. ದಕ್ಷಿಣಕ್ಕೆ ತಾಂಜಾನಿಯಾದ ಸೆರೆಂಗೆಟಿ, ನಡುವೆ ಬೇಲಿಯಿಲ್ಲ. ಜುಲೈಯಿಂದ ಅಕ್ಟೋಬರ್‌ವರೆಗೆ ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ಹಸಿರು ಹುಲ್ಲನ್ನು ಅರಸಿ ಗಡಿ ದಾಟಿ ಬರುತ್ತವೆ. ಪ್ರಾಣಿಗಳ ಹಿಂದೆಯೇ ನಮ್ಮಂಥ ಪ್ರವಾಸಿಗರೂ ಬರುತ್ತೇವೆ! ನಾವು ಹೋಗಿದ್ದು ಆಗಸ್ಟ್‌ನಲ್ಲಿ. ಆಫ್ರಿಕಾ ಎಂದರೆ ಸುಡು ಬಿಸಿಲು ಅಂದುಕೊಳ್ಳಬೇಡಿ. ಅದು ಎತ್ತರದ ಪ್ರದೇಶ, ಬೆಳಗಿನ ಆರು ಗಂಟೆಗೆ ಸ್ವೆಟರ್ ಬೇಕೇ ಬೇಕು.

ಸ್ವಾಹಿಲಿಯಲ್ಲಿ ಸಫಾರಿ ಎಂದರೆ ಪ್ರಯಾಣ, ಅಷ್ಟೇ. ಅವರೂ ವಾಹನಕ್ಕೆ 'ಗಾರಿ' ಎನ್ನುತ್ತಾರೆ, ಚಪಾತಿಗೆ 'ಚಪಾತಿ' ಎಂದೇ ಹೇಳುತ್ತಾರೆ. ಇದು ಗೊತ್ತಾದ ಮೇಲೆ ಅತ್ತೆಗೆ ಅರ್ಧ ಭಯ ಹೋಯಿತು. ಗೇಟು ದಾಟಿದ ಸ್ವಲ್ಪ ಹೊತ್ತಿಗೇ ಆನೆಗಳ ಹಿಂಡು ಕಂಡಿತು. ಹಿರಿಯ ಹೆಣ್ಣಾನೆ ಮುಂದೆ, ಉಳಿದವರೆಲ್ಲ ಅದರ ಹಿಂದೆ. "ಹಿರಿಯರ ಮಾತು ಕೇಳೋರು ಇಲ್ಲಾದರೂ ಇದ್ದಾರಲ್ಲ" ಎಂದು ಅತ್ತೆ ನನ್ನ ಕಡೆ ನೋಡಿದರು. ನಾನು ಜಿರಾಫೆ ನೋಡುತ್ತಿದ್ದೆ!

ಒಂಬತ್ತು ಗಂಟೆಯ ಸುಮಾರಿಗೆ ಚಾಲಕರ ರೇಡಿಯೋದಲ್ಲಿ "ಡೂಮಾ, ಡೂಮಾ" ಎಂಬ ಮಾತು ಕೇಳಿತು. ಡೂಮಾ ಎಂದರೆ ಚೀತಾ. ನಮ್ಮ ಕಾಡಿನ ಚಿರತೆಯಲ್ಲ. ಚೀತಾದ ಮೈಮೇಲೆ ಬಿಡಿಬಿಡಿ ಚುಕ್ಕೆ, ಕಣ್ಣಿನಿಂದ ಬಾಯಿಯವರೆಗೆ ಇಳಿದ ಕಪ್ಪು ಗೆರೆ. ನಾವು ತಲುಪಿದಾಗ ತಾಯಿ ಚೀತಾ ಹುಲ್ಲಿನಲ್ಲಿ ತಗ್ಗಿ ಕುಳಿತಿತ್ತು, ಹಿಂದೆ ಪೊದೆಯ ಬಳಿ ಮೂರು ಮರಿಗಳು. ಮುಂದೆ ದೂರದಲ್ಲಿ ಗಸೆಲ್ ಜಿಂಕೆಗಳು. ಸುತ್ತ ಹದಿನೇಳು ವಾಹನಗಳು. ಮಗಳೇ ಎಣಿಸಿದ್ದು. ಕೆಲವು ದಾರಿ ಬಿಟ್ಟು ಹುಲ್ಲಿಗೇ ಇಳಿದಿದ್ದವು.

ನಮ್ಮ ಚಾಲಕರು ದೂರದಲ್ಲೇ ನಿಲ್ಲಿಸಿದರು. ಒಂದು ಪ್ರಾಣಿಯ ಬಳಿ ಒಮ್ಮೆಗೆ ಐದು ವಾಹನ ಮಾತ್ರ ಇರಬೇಕು, 25 ಮೀಟರ್ ಅಂತರ ಬಿಡಬೇಕು ಎಂಬ ನಿಯಮ ವಿವರಿಸಿದರು. ಆಮೇಲೆ, "ಬೇರೆಯವರೆಲ್ಲ ಹೋಗಿದ್ದಾರೆ. ನೀವು ಏನು ಹೇಳುತ್ತೀರಿ?" ಎಂದು ಕೇಳಿದರು. ಅತಿಥಿಗೆ ಬೇಜಾರಾದರೆ ಟಿಪ್ಸ್ ಹೋಗುತ್ತದೆ ಎಂಬ ಚಿಂತೆ ಅವರ ಮುಖದಲ್ಲಿತ್ತು.

ಗಾಡಿಯೊಳಗೆ ಚರ್ಚೆ ಶುರುವಾಯಿತು. ಪತಿ ಈ ಪ್ರವಾಸಕ್ಕೆಂದೇ ದೊಡ್ಡ ಲೆನ್ಸ್ ಕೊಂಡಿದ್ದರು. ಮಗಳ ಕಣ್ಣಲ್ಲಿ ನೀರು. "ಇದನ್ನ ನೋಡೋಕೇ ಅಲ್ವಾ ಬಂದಿದ್ದು?" ಎರಡು ವರ್ಷದ ಉಳಿತಾಯ ಹಾಕಿ ಬಂದವರಿಗೆ ಆ ಪ್ರಶ್ನೆ ಸುಲಭವಲ್ಲ. ಆಗ ಅತ್ತೆ ಹೇಳಿದರು: "ಬಾಣಂತಿ ಮನೆಗೆ ಹದಿನೇಳು ಗಾಡಿ ಜನ ನುಗ್ಗಿದರೆ ಅವಳು ಒಲೆ ಹಚ್ಚೋದು ಯಾವಾಗ, ಮಕ್ಕಳಿಗೆ ಹಾಕೋದು ಏನು?"

ಅಷ್ಟೇ, ತೀರ್ಮಾನವಾಯಿತು. ಎಂಜಿನ್ ಆರಿಸಿ ಅಲ್ಲೇ ಕುಳಿತೆವು. ಬೈನಾಕ್ಯುಲರ್ ಕೈಯಿಂದ ಕೈಗೆ ಹೋಯಿತು. ಮುಂದಿದ್ದ ಒಂದು ವಾಹನ ಸದ್ದು ಮಾಡಿ ಹೊರಳಿದ್ದೇ ತಡ, ಗಸೆಲ್‌ಗಳು ತಲೆಯೆತ್ತಿ ಓಡಿಬಿಟ್ಟವು. ತಾಯಿ ಎದ್ದು ನಿಂತಿತು. ಆಮೇಲೆ ಗುಬ್ಬಚ್ಚಿಯಂಥ ಒಂದು ಚಿಲಿಪಿಲಿ ಕೇಳಿತು. ಚೀತಾ ಗರ್ಜಿಸುವುದಿಲ್ಲ, ಮರಿಗಳನ್ನು ಕರೆಯುವುದು ಹಕ್ಕಿಯ ದನಿಯಲ್ಲಿ! ಮೂರೂ ಮರಿಗಳು ಓಡಿ ಬಂದವು. ಬರಿಹೊಟ್ಟೆಯ ಆ ಸಂಸಾರ ಎತ್ತರದ ಹುಲ್ಲಿನೊಳಗೆ ಹೋಯಿತು. ನಮ್ಮ ಎಂಜಿನ್ ಓಡುತ್ತಿದ್ದರೆ ಆ ದನಿ ನಮಗೆ ಕೇಳುತ್ತಿರಲಿಲ್ಲ.

ಅತ್ತೆಯ ಮಾತಿಗೆ ಅಂಕಿಅಂಶದ ಆಧಾರವೂ ಇದೆ ಎಂದು ಊರಿಗೆ ಬಂದ ಮೇಲೆ ಓದಿ ತಿಳಿಯಿತು. ಗಂಡು ಚೀತಾ ಮರಿ ಸಾಕುವುದಿಲ್ಲ. ತಾಯಿ ಒಬ್ಬಳೇ ಸುಮಾರು ಒಂದೂವರೆ ವರ್ಷ ಬೇಟೆಯಾಡಿ ಸಾಕಬೇಕು. ಸಿಂಹ, ಕತ್ತೆಕಿರುಬಗಳ ಕಾಟ ತಪ್ಪಿಸಲು ಅವಳು ಹೆಚ್ಚಾಗಿ ಹಗಲಿನಲ್ಲೇ ಬೇಟೆಯಾಡುತ್ತಾಳೆ, ಅಂದರೆ ಸರಿಯಾಗಿ ನಮ್ಮ ಸಫಾರಿಯ ಹೊತ್ತಿನಲ್ಲಿ. ಫೆಮ್ಕೆ ಬ್ರೂಕ್‌ಹಾಯಿಸ್ ಎಂಬ ಸಂಶೋಧಕಿ ಮಾರಾದ ಚೀತಾಗಳ ಮೇಲೆ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ಪ್ರವಾಸಿಗರು ಕಡಿಮೆ ಇರುವಲ್ಲಿ ತಾಯಿ ಒಂದು ಸೂಲಿಗೆ ಸರಾಸರಿ 2.3 ಮರಿಗಳನ್ನು ದೊಡ್ಡದು ಮಾಡಿದರೆ, ಪ್ರವಾಸಿಗರು ತುಂಬಿರುವಲ್ಲಿ ಕೇವಲ 0.2. ಅಂದರೆ ಐದು ಸೂಲಿಗೆ ಒಂದು ಮರಿ!

ಐಟಿಯಲ್ಲಿ ಕೆಲಸ ಮಾಡುವ ನನಗೆ ಇದು ಸರ್ವರ್ ಲೋಡ್‌ನಂತೆ ಕಾಣುತ್ತದೆ. ಒಂದೊಂದು ರಿಕ್ವೆಸ್ಟ್ ಚಿಕ್ಕದೇ. ಎಲ್ಲ ಒಟ್ಟಿಗೆ ಬಂದಾಗ ಸಿಸ್ಟಮ್ ಕುಸಿಯುತ್ತದೆ. ನಾವು ಹದಿನೆಂಟನೆಯವರಾದರೆ ಏನು ಮಹಾ ಎಂದು ಪ್ರತಿಯೊಂದು ಗಾಡಿಯೂ ಅಂದುಕೊಂಡಿರುತ್ತದೆ.

ಭಾರತದಲ್ಲಿ ಚೀತಾ ನಶಿಸಿದೆ ಎಂದು 1952ರಲ್ಲಿ ಘೋಷಣೆಯಾಯಿತು. ಮತ್ತೆ ತರಲು 2022ರವರೆಗೆ ಕಾಯಬೇಕಾಯಿತು. ಆ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕೂನೋಗೆ ಬಂದವು. ಕಳೆದುಕೊಳ್ಳುವುದು ಸುಲಭ, ಮರಳಿ ತರುವುದು ಎಷ್ಟು ಕಷ್ಟ ಎಂದು ನಮ್ಮ ದೇಶಕ್ಕೇ ಗೊತ್ತಿದೆ.

ಗೆಳತಿಯರೇ, ಎಲ್ಲರೂ ಆಫ್ರಿಕಾಕ್ಕೆ ಹೋಗಬೇಕಿಲ್ಲ. ರಜೆಗೆ ಕಬಿನಿಗೋ ಬಂಡೀಪುರಕ್ಕೋ ತಾಡೋಬಾಕ್ಕೋ ಹೋಗುತ್ತೇವಲ್ಲ, ಅಲ್ಲೂ ಇದೇ ಮಾತು. ಜೀಪು ಹತ್ತುವಾಗಲೇ ಚಾಲಕರಿಗೆ ಹೇಳಿಬಿಡಿ: "ನಮಗೆ ಅವಸರವಿಲ್ಲ, ದೂರದಿಂದ ನೋಡಿದರೂ ಸಂತೋಷವೇ." ಅವರ ಮೇಲಿನ ಒತ್ತಡ ಇಳಿಯುತ್ತದೆ. ನಿಯಮ ಪಾಲಿಸಿದ ಚಾಲಕರಿಗೆ ಟಿಪ್ಸ್ ಸ್ವಲ್ಪ ಜಾಸ್ತಿಯೇ ಕೊಡಿ, ಯಾಕೆ ಎಂದೂ ಹೇಳಿ. ಮಕ್ಕಳಿಗೆ ಒಳ್ಳೆಯ ಬೈನಾಕ್ಯುಲರ್ ಕೊಡಿಸಿ. ಫೋನ್ ಬ್ಯಾಗಿನಲ್ಲಿರಲಿ.

ನಮ್ಮ ಆಲ್ಬಮ್‌ನಲ್ಲಿ ಚೀತಾದ ಫೋಟೋ ಒಂದು ಹಳದಿ ಚುಕ್ಕೆ ಮಾತ್ರ. ಆದರೆ ಮಗಳು ಆ ಚಿಲಿಪಿಲಿಯನ್ನು ಚೆನ್ನಾಗಿ ಅನುಕರಿಸುತ್ತಾಳೆ. ಚಹಾ ವಿರಾಮದಲ್ಲಿ ಕೇಳಿ ನೋಡಿ, ಸಂತೋಷದಿಂದ ಮಾಡಿ ತೋರಿಸುತ್ತಾಳೆ.