ಗಿರಿಯ ಕಾಫಿ, ನಮ್ಮ ಈರುಳ್ಳಿ



ಈರುಳ್ಳಿ, ಶೇಂಗಾ ಬೆಳೆಯೋ ಬಬ್ಬೂರಿನವರಿಗೆ ಕಾಫಿ ಮಾತು ಯಾಕೆ ಅಂತ ಕೆಲವರು ಕೇಳಿದರು. ನಮ್ಮ ವೇದಾವತಿ ಹುಟ್ಟುವುದೇ ಬಾಬಾಬುಡನ್‌ಗಿರಿ ಸೀಮೆಯಲ್ಲಿ. 1933ರ ನಂತರ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದಾಗ ಆ ಕಡೆಯ ಮಳೆಯನ್ನೂ ನೆನೆದೆವು. ಆ ಗಿರಿಗೆ 17ನೇ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮನ್ ದೇಶದ ಮೋಕಾದಿಂದ ಏಳು ಬೀಜ ತಂದರೆಂದು ಪ್ರತೀತಿ. ದೊಡ್ಡ ತೋಟ ಮಾಡಿದ್ದು ಆಮೇಲೆ ಬಂದ ಬ್ರಿಟಿಷರು.

ನಾವು ಹೇಳಬೇಕೆಂದಿರುವುದು ಮಾರಾಟದ ಸಂಗತಿ. ಎರಡನೇ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿ ಕಾಫಿ ಕೇಳುವವರಿಲ್ಲವಾಯಿತು. 1942ರಲ್ಲಿ ಕಾಯಿದೆ ಬಂತು. ಮನೆ ಖರ್ಚಿಗೆ, ಬೀಜಕ್ಕೆ ಇಟ್ಟುಕೊಂಡು ಉಳಿದದ್ದೆಲ್ಲ ಕಾಫಿ ಮಂಡಳಿಯ 'ಪೂಲ್'ಗೆ ಹಾಕಬೇಕು. ಮಂಡಳಿ ಹರಾಜು ಮಾಡಿ ಕಂತು ಕಂತಾಗಿ ಹಣ ಕೊಡುತ್ತಿತ್ತು. ಮಾರುವ ಚಿಂತೆ ತಪ್ಪಿತು, ಕೊನೇ ಕಂತಿಗೆ ಕಾಯೋದು ಮಾತ್ರ ತಪ್ಪಲಿಲ್ಲ. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಕಟ್ಟು ಸಡಿಲಿಸಿ, 1996ರಲ್ಲಿ ಪೂರ್ತಿ ಮುಕ್ತ ಮಾರಾಟವಾಯಿತು. ಅದಕ್ಕೆ ಮುಂಚೆ, 1994ರಲ್ಲಿ, ಬ್ರೆಜಿಲಿನ ಗಿಡಗಳು ಹಿಮಕ್ಕೆ ಸುಟ್ಟು ದರ ಏರಿತ್ತು. ಸ್ವಂತ ಮಾರಾಟವೇ ಲೇಸು ಎಂದವರು ಬಹಳ. ವಿಯೆಟ್ನಾಂ, ಬ್ರೆಜಿಲ್ ಬೆಳೆ ಹೆಚ್ಚಿ 2001-02ರಲ್ಲಿ ದರ ನೆಲ ಕಚ್ಚಿದಾಗ ಪೂಲ್ ಇರಲಿಲ್ಲ.

ನಮ್ಮ ಈರುಳ್ಳಿಗಂತೂ ಯಾವತ್ತೂ ಪೂಲ್ ಇಲ್ಲ. ಲಾರಿ ಯಶವಂತಪುರ ಮುಟ್ಟಿದ ಮೇಲೇ ದರ ತಿಳಿಯೋದು. ಸಾಲಕ್ಕೆ, ಗೊಬ್ಬರಕ್ಕೆ ಸಂಘಕ್ಕೆ ಬರುವ ನಾವು ಮಾರುವಾಗ ಒಬ್ಬೊಬ್ಬರೇ ಹೋಗುತ್ತೇವೆ. ಈ ಸಲ ಒಪ್ಪಿದವರ ಈರುಳ್ಳಿಯನ್ನಾದರೂ ಸಂಘದ ಹೆಸರಲ್ಲಿ ಒಟ್ಟಿಗೆ ಕಳಿಸೋಣವೆಂದು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಠರಾವು ಇಡುತ್ತೇವೆ. ಬೇಡ ಅನ್ನುವವರೂ ಬಂದು ಅಲ್ಲೇ ಹೇಳಿ.